ಕಡ

ಕಾಂಡಕೊರಕ ಹುಳು ನೋಡಲು ಬಂದವಳು ಅವಳು,
ಫಿಲಿಪ್ಪೀನ್ಸಿನ ಉತ್ತರದ ಬೆಟ್ಟಗಳಿಂದ.
ಚೆಟ್ಟಳ್ಳಿಯ ಸಾಹೇಬರು ಜೀಪು ಕೊಟ್ಟರು, ಜೀಪಿನ ಜೊತೆ ನನ್ನನ್ನೂ:
"ಪಳಂಗಪ್ಪ, ನಿನಗೆ ಇಂಗ್ಲಿಷ್ ಬರುತ್ತಲ್ಲ."
ನನ್ನ ಇಂಗ್ಲಿಷ್ ಎಂದರೆ ಗೊಬ್ಬರದ ಚೀಲದ ಮೇಲಿನದ್ದು,
ಬೋರ್ಡೋ ದ್ರಾವಣದ ಅಳತೆ, ಮಳೆಯ ಇಂಚು, ಸೆಂಟು.

ಬಿರುನಾಣಿಯಲ್ಲಿ ಕೊಯ್ಲು. ಡಿಸೆಂಬರಿನ ಒಣ ಬಿಸಿಲು.
ಗಿಡದ ತೂತು ಎಣಿಸುತ್ತಿದ್ದವಳು ಒಮ್ಮೆಲೇ ಪೆನ್ಸಿಲ್ ನಿಲ್ಲಿಸಿದಳು.
ಕೆಳಗೆ ಗದ್ದೆಯಲ್ಲಿ ಎರವರ ಹೆಂಗಸರು,
ಒಬ್ಬಳು ಎತ್ತಿದ ಸಾಲಿನ ಬಾಲವನ್ನು
ಹನ್ನೊಂದು ಜನ ಹಿಡಿದು ಎಳೆಯುತ್ತಿದ್ದರು.
"ನಮ್ಮಲ್ಲೂ ಹೀಗೇ," ಅಂದಳು. "ಕೊಯ್ಲಿನಲ್ಲಿ. ಹೆಂಗಸರೇ."
ಸ್ವಲ್ಪ ತಡೆದು: "ಹೆಣ ಕಾಯುವ ರಾತ್ರಿಯಲ್ಲೂ."

ಬದುವಿನ ಮೇಲೆ ಕೂತೆವು.
ಹೆಸರು ಮರಿಲು ಗುಮಾಂಗನ್. ಮರಿಲು ಚರ್ಚು ಕೊಟ್ಟದ್ದು,
ಗುಮಾಂಗನ್ ಅಜ್ಜನದ್ದು.
ಸ್ಪೇನಿನವರು ಬಂದು ಕರಾವಳಿಗೆಲ್ಲ ಹೊಸ ಹೆಸರಿಟ್ಟರಂತೆ,
ಅಲ್ಲಿಯ ಅಜ್ಜಿಯರ ಕೈಗೆ ಜಪಮಾಲೆ ಬಂತಂತೆ.
"ಹಡಗು ಬೆಟ್ಟ ಹತ್ತುವುದಿಲ್ಲವಲ್ಲ," ಅಂದಳು.
"ಮುನ್ನೂರು ವರ್ಷ ಅದು ಹತ್ತಲಿಲ್ಲ. ನಾವು ಕೊಯ್ದೆವು, ಹಾಡಿದೆವು."
ಬರೆದಿಡಲಿಲ್ಲವೇ, ಕೇಳಿದೆ.
"ಅನ್ನವನ್ನು ಯಾರು ಬರೆದಿಡುತ್ತಾರೆ?"

ಅವಳ ಅಜ್ಜಿಯ ಹಾಡಿನಲ್ಲಿ ವೀರನೊಬ್ಬ
ತನ್ನ ಅಂಗಳ ದಾಟಲು ಅರ್ಧ ದಿನ ಬೇಕು:
ಒಂದು ಹೆಜ್ಜೆಗೆ ಅವನ ಊರ ಹೆಸರು, ಇನ್ನೊಂದಕ್ಕೆ ಅಪ್ಪನ ಹೆಸರು,
ನಡುವೆ ವೀಳ್ಯ ಜಗಿಯಲು ಬೇರೆ ಕೂರುತ್ತಾನೆ.
ಅವನು ಬೇಲಿ ಮುಟ್ಟುವಷ್ಟರಲ್ಲಿ
ಇಲ್ಲಿ ಒಂದು ಗದ್ದೆ ಕೊಯ್ದು ಮುಗಿದಿರುತ್ತದೆ.

ನಾನು ಸುಮ್ಮನಿದ್ದೆ.
ನನ್ನ ಅಜ್ಜ ದುಡಿ ಹಿಡಿದರೆ
ಒಕ್ಕದ ಸತ್ತವರೆಲ್ಲ ಎದ್ದು ಬಂದು ಕೈಯಾಲೆಯಲ್ಲಿ ಕೂರುತ್ತಿದ್ದರು.
ನಾಲ್ವರು ಹಾಡುಗಾರರು. ಇಬ್ಬರು ಮುಂದೆ ಹೇಳುವವರು,
ಇಬ್ಬರು ಹೇಳಿದ್ದನ್ನೇ ಹೇಳುವವರು.
ನಾನು ಎರಡನೇ ಜೋಡಿ. ಪುತ್ತರಿಗೆ ಈಗಲೂ ಹೋಗುತ್ತೇನೆ.
ಮುಂದಿನವರು ಮರೆತ ಕಡೆ
ನನ್ನ ತುಟಿ ಮಾತ್ರ ಆಡುತ್ತದೆ.

ಬುತ್ತಿಯ ಹೊತ್ತಿಗೆ ಬೊಳಚಿ ಬಂದಳು, ಸೊಂಟದಲ್ಲಿ ಕುಡುಗೋಲು.
ಮರಿಲು ಒಗಟು ಒಡ್ಡಿದಳು, ನಾನು ಕನ್ನಡಕ್ಕೆ ಎತ್ತಿ ಕೊಡುತ್ತಿದ್ದೆ:
"ಏಣಿಯೊಂದಿದೆ, ಮನುಷ್ಯ ಹತ್ತುತ್ತಾನೆ, ನೀರು ಇಳಿ..."
ನನ್ನ ಕ್ರಿಯಾಪದ ಮುಗಿಯುವ ಮೊದಲೇ
ಬೊಳಚಿ ಎದುರಿನ ಗದ್ದೆಗಳ ಮೆಟ್ಟಿಲಿನತ್ತ ಗದ್ದ ಎತ್ತಿದಳು.
ಆಮೇಲೆ ಅವಳದ್ದು:
"ಬೆನ್ನು ಬಾಗಿದೆ, ಮುದುಕಿಯಲ್ಲ.
ಬಾಯಿತುಂಬ ಹಲ್ಲು, ನಗುವುದಿಲ್ಲ."
ಮರಿಲು ನನ್ನ ಮುಖ ನೋಡಲಿಲ್ಲ, ಅವಳ ಸೊಂಟ ನೋಡಿದಳು.
ಇಬ್ಬರೂ ನಕ್ಕರು. ನನಗೆ ಕೆಲಸವೇ ಇರಲಿಲ್ಲ.

ಎದ್ದು ಹೋಗುತ್ತ ಬೊಳಚಿ ಮತ್ತೊಂದು ಬಿಟ್ಟಳು:
"ಕಾಲಿಲ್ಲದ್ದು ಕಾಡು ದಾಟಿತು,
ಕಣ್ಣಿಲ್ಲದ್ದು ಅದರ ಬೆನ್ನು ಹಿಡಿಯಿತು,
ನಾಲಿಗೆಯಿಲ್ಲದ್ದು ಮನೆಗೆ ಬಂದು ಸುದ್ದಿ ಹೇಳಿತು."
ಮರಿಲು ಯೋಚಿಸಿದಳು. ಜೀಪಿನಲ್ಲಿ
ಗೋಣಿಕೊಪ್ಪಲಿನವರೆಗೂ ಯೋಚಿಸಿದಳು.
ಬಿಡಿಸದ ಒಗಟು ಬೊಳಚಿಯ ಲೆಕ್ಕದಲ್ಲಿ ಕಡ. ಸಾಲ.
ಬಡ್ಡಿಯಿಲ್ಲ, ಆದರೆ ಮಾಫಿಯೂ ಇಲ್ಲ.

ಕಾಫಿ ಹೂ ಉದುರುವ ವಾರ ಫೋನಿಗೆ ಬಂತು:
"ಗಾಳಿ. ಹೊಗೆ. ವಾಸನೆ. ಸರಿಯಾ?"
ಲೈನ್ ಮನೆಗೆ ಹೋಗಿ ಓದಿ ಹೇಳಿದೆ.
ಬೊಳಚಿ ಹೊಳೆಮೀನಿನ ಹೊಟ್ಟೆ ಸೀಳುತ್ತಿದ್ದಳು.
"ಎರಡು ಸರಿ," ಅಂದಳು. "ಒಂದು ತಪ್ಪು."
ಯಾವುದು?
"ಹೇಳಿಬಿಟ್ಟರೆ ಕಡ ಎಲ್ಲುಳಿಯಿತು? ಬರಲಿ ಅವಳು."
ಕತ್ತಿ ನಿಲ್ಲಿಸಿ ನನ್ನನ್ನೇ ನೋಡಿದಳು.
"ನಿನಗೂ ಗೊತ್ತಿಲ್ಲ, ಅಲ್ವಾ?"

ನಾನು ತುಟಿ ಆಡಿಸಿದೆ.